ನಕ್ಷೆಯಲ್ಲಿಲ್ಲದ ಕೇರಿ: ಬೆಂಗಳೂರಿನ ಮಾಸ್ಟರ್ ಪ್ಲಾನನ್ನು ಓದುತ್ತಾ

ವಿಮರ್ಶೆಗೆಂದು ಪತ್ರಿಕೆ ನಮಗೆ ಬಿಟ್ಟುಕೊಟ್ಟ ಈ ಪುಟಗಳಲ್ಲಿ ನಾವು ಈ ಸಲ ಕವನ ಸಂಕಲನವನ್ನಾಗಲಿ ಕಾದಂಬರಿಯನ್ನಾಗಲಿ ತೆಗೆದುಕೊಂಡಿಲ್ಲ. ತೆಗೆದುಕೊಂಡಿರುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಮತ್ತು ಅದರ ಜೊತೆಗೆ ಬರುವ ವಲಯ ನಿಯಮಾವಳಿ. 2007ರ ಜೂನ್ ತಿಂಗಳಲ್ಲಿ ಸರ್ಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರಿನಲ್ಲಿ 2015 ಅಂತ ಇದ್ದರೂ ಆ ವರ್ಷ ಕಳೆದು ಎಷ್ಟೋ ಕಾಲದವರೆಗೆ ನಗರವನ್ನು ಆಳಿದ್ದು ಇದೇ ಪುಸ್ತಕ. ಇದರ ಜಾಗಕ್ಕೆ ಬರಬೇಕಿದ್ದ '2031'ರ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಸರ್ಕಾರವೇ ಅದನ್ನು ವಾಪಸು ತೆಗೆದುಕೊಂಡಿತು.

ಇದು ಸಾಹಿತ್ಯವೇ ಎಂದು ನಮ್ಮ ಮೇಷ್ಟ್ರುಗಳು ಹುಬ್ಬೇರಿಸಬಹುದು. ನಮ್ಮ ಉತ್ತರ ಸರಳವಾದದ್ದು. ಎಂ.ಎ. ತರಗತಿಯಲ್ಲಿ ಒಂದು ನವ್ಯ ಕವಿತೆಯ ಒಂದು ಪ್ರತಿಮೆಗೆ ಮೂರು ವಾರ ಕೂತವರು ನಾವು. ನಮ್ಮ ಅವ್ವ ಎಲ್ಲಿ ಮಲಗಬೇಕು, ಎಲ್ಲಿ ನೀರು ಹಿಡಿಯಬೇಕು, ಎಲ್ಲಿಂದ ಎದ್ದು ಹೋಗಬೇಕು ಅಂತ ತೀರ್ಮಾನ ಮಾಡುವ ಪುಸ್ತಕಕ್ಕೆ ಮೂರು ಗಂಟೆಯೂ ಕೂತವರಲ್ಲ. ಯಾವ ಕಾವ್ಯವೂ ಯಾರನ್ನೂ ಮನೆಯಿಂದ ಎಬ್ಬಿಸಿಲ್ಲ. ಈ ಪುಸ್ತಕ ಎಬ್ಬಿಸುತ್ತದೆ. ಆದ್ದರಿಂದ ಇದನ್ನು ಸಾಲು ಸಾಲಾಗಿ ಓದುವುದು ನಮ್ಮ ಕೆಲಸವೇ ಆಗಿದೆ.

ಓದುವುದಕ್ಕೆ ಮೊದಲು ಪುಸ್ತಕ ಸಿಗಬೇಕಲ್ಲ. ನಾವು ಮೂವರು ಒಂದು ಕಚೇರಿಗೆ ಹೋದೆವು. ಗೋಡೆಯ ಮೇಲೆ ದೊಡ್ಡ ನಕ್ಷೆ ತೂಗುಹಾಕಿದ್ದರು. ಹಳದಿ, ನೀಲಿ, ಹಸಿರು, ಕೆಂಪು, ನೇರಳೆ. ಅಟೆಂಡರ್ ಒಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಏನ್ರಪ್ಪಾ, ಸೈಟ್ ನೋಡಕ್ಕೆ ಬಂದ್ರಾ? ಸರ್ವೇ ನಂಬರ್ ಐತಾ?" ಅಂದರು. "ಇಲ್ಲಣ್ಣ, ನಮ್ ಕೇರಿ ಇದ್ರಲ್ಲಿ ಎಲ್ಲೈತೆ ಅಂತ ನೋಡ್ಬೇಕಿತ್ತು" ಅಂದೆವು. ಅವರು ಪಾಪ ನಮ್ಮ ಕಡೆಯವರೇ ಇರಬೇಕು, ಬೆರಳಿಟ್ಟು ಹುಡುಕಿಕೊಟ್ಟರು. ನಮ್ಮ ಇನ್ನೂರು ಮನೆ ಇರುವ ಜಾಗದಲ್ಲಿ ಹಸಿರು ಬಣ್ಣ ಇತ್ತು. "ಉದ್ಯಾನ" ಅಂದರು. ಆಮೇಲೆ ಸ್ವಲ್ಪ ತಡೆದು, "ಆಗಿಲ್ಲ ಬಿಡ್ರಪ್ಪಾ ಇನ್ನೂ" ಅಂದರು.

ಈ ಬಣ್ಣಗಳ ಪಟ್ಟಿಯನ್ನು ಒಮ್ಮೆ ಓದಿ. ಮುಖ್ಯ ವಸತಿ, ಮಿಶ್ರ ವಸತಿ, ಕೇಂದ್ರ ವಾಣಿಜ್ಯ, ಕೈಗಾರಿಕೆ, ಹೈಟೆಕ್, ಸಾರ್ವಜನಿಕ, ಸಾರಿಗೆ, ಉದ್ಯಾನ, ಕೃಷಿ. 'ಮ್ಯುಟೇಶನ್ ಕಾರಿಡಾರ್' ಎಂಬ ಒಂದು ವಲಯವೂ ಇದೆ. ರೂಪಾಂತರದ ಓಣಿ ಅಂತ ಅನ್ನಬಹುದೇನೋ. ಇದನ್ನು ಬರೆದ ಕನ್ಸಲ್ಟೆಂಟುಗಳ ಕಲ್ಪನಾಶಕ್ತಿಗೆ ನಾವು ಕವಿಗಳಾಗಿ ತಲೆಬಾಗುತ್ತೇವೆ. ಇಷ್ಟೆಲ್ಲ ವಲಯ ಹೆಸರಿಸಿದವರಿಗೆ ಕೊಳೆಗೇರಿ ಅಂತ ಒಂದು ವಲಯ, ಅದಕ್ಕೊಂದು ಬಣ್ಣ ಹೊಳೆಯಲಿಲ್ಲ. ನಮ್ಮ ಕೈಗೆ ಸಿಕ್ಕ ಪ್ರತಿ ಇಂಗ್ಲಿಷಿನದು. ಇಂಗ್ಲಿಷ್ ಬಂದ ನಮಗೇ ಅದರ ಅರ್ಧ ದಕ್ಕಲಿಲ್ಲ.

ಈ ಕೃತಿಯ ಬೀಜಮಂತ್ರ ಎಫ್‌ಎಆರ್. ಇದನ್ನು ತಿಳಿಯದೆ ಒಂದು ಪುಟವೂ ಮುಂದೆ ಹೋಗುವುದಿಲ್ಲವಾದ್ದರಿಂದ ಹಳ್ಳಿ ಶಾಲೆಯ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಒಂದು ನಿವೇಶನದ ಮೇಲೆ ಎಲ್ಲ ಅಂತಸ್ತು ಸೇರಿ ಒಟ್ಟು ಎಷ್ಟು ಚದರಡಿ ಕಟ್ಟಬಹುದು, ಅದನ್ನು ನಿವೇಶನದ ಅಳತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಫ್‌ಎಆರ್. ಈ ಯೋಜನೆಯ ವಸತಿ ವಲಯದಲ್ಲಿ ಸಣ್ಣ ರಸ್ತೆಯ ಸಣ್ಣ ನಿವೇಶನಕ್ಕೆ 1.75. ನಿವೇಶನ ದೊಡ್ಡದಾದಂತೆ, ರಸ್ತೆ ಅಗಲವಾದಂತೆ ಸಂಖ್ಯೆ ಏರುತ್ತದೆ, 30 ಮೀಟರ್ ಮೀರಿದ ರಸ್ತೆಗೆ ಮುಖ ಮಾಡಿದ ದೊಡ್ಡ ಜಮೀನಿಗೆ 3.25. ಮೆಟ್ರೋ ಹಾದಿಯ ಪಕ್ಕದಲ್ಲಿ 4.

ಈಗ ಲೆಕ್ಕ ಹಾಕೋಣ. ಗಾರೆ ಕೆಲಸ ಮಾಡಿ ಚೀಟಿ ಕಟ್ಟಿ 20-30ರ ಸೈಟು ಕೊಂಡ ಒಬ್ಬಾತ, 600 ಚದರಡಿ ಅವನದು. 1.75ರಂತೆ 1,050 ಚದರಡಿ ಕಟ್ಟಬಹುದು. ಹತ್ತು ಎಕರೆ ಇರುವ ಬಿಲ್ಡರಿಗೆ 3.25ರಂತೆ 14 ಲಕ್ಷ 15 ಸಾವಿರದ 700 ಚದರಡಿ. ಅವನ ಜಮೀನು ದೊಡ್ಡದು, ಹೆಚ್ಚು ಕಟ್ಟುತ್ತಾನೆ, ಸರಿಯೇ. ಆದರೆ ಒಂದು ಅಡಿ ನೆಲಕ್ಕೆ ಒಂದು ಅಡಿ ನೆಲ ಇಟ್ಟು ನೋಡಿದರೂ ಬಡವನ ಅಡಿಗಿಂತ ದೊಡ್ಡವನ ಅಡಿಗೆ ಹತ್ತಿರ ಹತ್ತಿರ ಎರಡರಷ್ಟು ಆಕಾಶ. ರಸ್ತೆ ಅಗಲ ಇದ್ದರೆ ಬೆಂಕಿ ವಾಹನ ಬರುತ್ತದೆ, ನೀರಿನ ಕೊಳವೆ ದಪ್ಪಗಿರುತ್ತದೆ, ಅದಕ್ಕೇ ಹೀಗೆ ಅಂತ ಎಂಜಿನಿಯರುಗಳು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅಗಲ ರಸ್ತೆ ಯಾರ ಮನೆ ಮುಂದೆ ಹೋಗಬೇಕು ಅಂತ ತೀರ್ಮಾನ ಮಾಡಿದವರು ಯಾರು? ಕೇರಿಗೆ ಮೊದಲು ಹತ್ತಡಿ ಓಣಿ ಕೊಟ್ಟು, ಆಮೇಲೆ ಓಣಿ ಕಿರಿದು ಅಂತ ಕಡಿಮೆ ಸಂಖ್ಯೆ ಕೊಡುವುದು ಹಳೆಯ ನ್ಯಾಯ. ಬಾವಿಗೆ ಇಳಿಯಬೇಡ ಅಂದವರೇ ಮೈ ಕೊಳೆ ಅಂದ ಹಾಗೆ.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ಸಂಖ್ಯೆ ಎಣಿಸುವುದು ಸಿಮೆಂಟನ್ನು, ಮನುಷ್ಯರನ್ನಲ್ಲ. ಅದೇ ಹತ್ತು ಎಕರೆಯಲ್ಲಿ ಮೂರು ಸಾವಿರ ಚದರಡಿಯ ಮನೆ ಕಟ್ಟಿದರೆ, ಮೆಟ್ಟಿಲು ಲಿಫ್ಟಿನ ಲೆಕ್ಕ ಬಿಟ್ಟು, ಸುಮಾರು 470 ಸಂಸಾರ. ಐನೂರು ಚದರಡಿಯದು ಕಟ್ಟಿದರೆ ಸುಮಾರು 2,800 ಸಂಸಾರ. ಎಫ್‌ಎಆರ್ ಎರಡಕ್ಕೂ ಒಂದೇ. ಎಫ್‌ಎಆರ್ ಹೆಚ್ಚಿಸಿದರೆ ಮನೆ ಅಗ್ಗವಾಗುತ್ತದೆ, ಬಡವರಿಗೂ ಸೂರು ಸಿಗುತ್ತದೆ ಅಂತ ಪೇಪರುಗಳಲ್ಲಿ ಬರೆಯುವ ಪಂಡಿತರು ಈ ಲೆಕ್ಕವನ್ನು ಯಾಕೆ ಹಾಕುವುದಿಲ್ಲ? ಹಾಕಿದರೆ ಅವರ ಲೇಖನದ ಪಕ್ಕದಲ್ಲಿರುವ ಜಾಹೀರಾತಿಗೆ ತೊಂದರೆ.

'ದಟ್ಟಣೆ' ಎಂಬ ಪದಕ್ಕೆ ಈ ಭಾಷೆಯಲ್ಲಿ ಎರಡು ಅರ್ಥ ಇವೆ. ನಮ್ಮ ಕೇರಿಯಲ್ಲಿ ಹತ್ತಡಿ ಅಗಲ ಹನ್ನೆರಡಡಿ ಉದ್ದದ ಮನೆಯಲ್ಲಿ ಆರು ಜನ ಮಲಗುತ್ತೇವೆ. ತಲೆಗೆ ಇಪ್ಪತ್ತು ಚದರಡಿ. ಇದು 'ಕಿಕ್ಕಿರಿದ', 'ಅನಾರೋಗ್ಯಕರ', 'ತೆರವಿಗೆ ಯೋಗ್ಯ'. 1973ರ ಕೊಳಚೆ ಪ್ರದೇಶಗಳ ಕಾಯ್ದೆಯ ಹೆಸರಿನಲ್ಲೇ ಸುಧಾರಣೆಯ ಜೊತೆ ನಿರ್ಮೂಲನೆಯೂ ಇದೆ. ಅದೇ ಜಾಗಕ್ಕೆ ಇಪ್ಪತ್ತು ಅಂತಸ್ತು ಬಂದರೆ ಅದು 'ಊರ್ಧ್ವಮುಖ ಬೆಳವಣಿಗೆ'. ಜನ ಅಲ್ಲೂ ಒತ್ತಾಗಿಯೇ ಇರುತ್ತಾರೆ. ಗಾಳಿ, ಬೆಳಕು, ನೀರು, ಕಕ್ಕಸು ಜೊತೆಗೆ ಬಂದರೆ ಒತ್ತಾಗಿ ಬದುಕುವುದು ರೋಗವಲ್ಲ. ಅವುಗಳನ್ನು ತಪ್ಪಿಸಿದವರೇ ರೋಗದ ಹೆಸರಿಟ್ಟರು.

ಇಲ್ಲಿ ನಮ್ಮ ಕೆಲವು ಪರಿಸರವಾದಿ ಗೆಳೆಯರ ಜೊತೆಗೂ ಜಗಳವಿದೆ. ಅವರು ಬಿಲ್ಡರುಗಳನ್ನು ವಿರೋಧಿಸುತ್ತಾರೆ, ನಾವೂ ಕೈ ಜೋಡಿಸುತ್ತೇವೆ. ಆದರೆ ಅವರ ಸಭೆಗಳಲ್ಲಿ ಕೂತು ಕೇಳಿದರೆ, "ನಮ್ಮ ಬಡಾವಣೆ ಹಾಳಾಗ್ತಾ ಇದೆ ಸಾರ್, ಒಂದು ಸೈಟಿಗೆ ಒಂದೇ ಮನೆ ಇರಬೇಕು, ಕಂಡೋರೆಲ್ಲ ಬಾಡಿಗೆಗೆ ಬರ್ತಾರೆ" ಅನ್ನುವ ಮಾತು ಬರುತ್ತದೆ. ಈ 'ಕಂಡೋರು' ಯಾರು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಸುತ್ತ ಬಿಡುವ ಖಾಲಿ ಜಾಗಕ್ಕೆ ಗಾಳಿ ಬೆಳಕಿನ ಕಾರಣ ಇದೆ, ಒಪ್ಪುತ್ತೇವೆ. ಬೀದಿ ಬೀದಿಗೇ ಮಡಿ ಬಿಡುವುದಕ್ಕೆ ಯಾವ ಕಾರಣ? 1898ರ ಪ್ಲೇಗಿನ ಆಸುಪಾಸಿನಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಭಾಗಗಳಲ್ಲಿ ನಿವೇಶನ ಹಂಚಿದರು. ನಗರ ಯೋಜನೆ ಅಂತ ನಾವು ಹೊಗಳುವ ಅಗಲ ಬೀದಿ, ಸಾಲುಮರ, ಹಿತ್ತಿಲಿನ ಹಿಂದೆ ಈ ಹಂಚಿಕೆ ಇದೆ. ಬಾಬಾಸಾಹೇಬರು ಹಳ್ಳಿಯನ್ನು ನಂಬಬೇಡಿ, ನಗರಕ್ಕೆ ಹೋಗಿ ಅಂದರು. ನಾವು ಬಂದೆವು. ಬಂದು ನೋಡಿದರೆ ಊರು ಮತ್ತು ಕೇರಿ ನಮಗಿಂತ ಮೊದಲೇ ಬಸ್ಸು ಹತ್ತಿ ಬಂದು ಇಲ್ಲಿ ಕೂತಿದ್ದವು.

ಆದ್ದರಿಂದ ನಗರದಲ್ಲಿ ಜನ ಒತ್ತಾಗಿ ವಾಸಿಸುವುದಕ್ಕೆ ನಮ್ಮ ವಿರೋಧವಿಲ್ಲ. ಕೂಲಿ ಸಿಗುವ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಬೇಕಾದರೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಲೇಬೇಕು. ಮೂವತ್ತು ಕಿಲೋಮೀಟರ್ ಆಚೆ ಒಂಟಿ ಮನೆ ಕೊಟ್ಟರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಬಸ್ಸಿಗೆ ನಿಲ್ಲುವವಳು ಅವ್ವ. ನಮ್ಮ ತಕರಾರು ಇಷ್ಟೇ: ಸರ್ಕಾರ ಒಂದು ಅಂಕಿ ತಿದ್ದಿದ ಮಾತ್ರಕ್ಕೆ ಬಿಲ್ಡರಿನ ಜಮೀನಿನ ಬೆಲೆ ಏರುತ್ತದಲ್ಲ, ಆ ಏರಿದ ಬೆಲೆ ಯಾರ ದುಡಿಮೆ? ಅವನದಂತೂ ಅಲ್ಲ. ಹಾಗಾದರೆ ಅದರಲ್ಲಿ ಯಾರಿಗೆ ಎಷ್ಟು ಪಾಲು?

ಕಾನೂನು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಪ್ರಕರಣದಂತೆ, ಕಟ್ಟಲು ಪರವಾನಗಿ ಕೊಡುವಾಗ ನೀರು ಸರಬರಾಜು, ರಿಂಗ್ ರೋಡು, ಸಾಮೂಹಿಕ ಸಾರಿಗೆ ಇವುಗಳ ಬಾಬ್ತು ಕರ, ಸರ್‌ಚಾರ್ಜು ವಸೂಲು ಮಾಡಬಹುದು. ಜೊತೆಗೆ ಇನ್ನೊಂದು ಬಾಬ್ತು ಇದೆ, ಸ್ಲಂ ಸುಧಾರಣೆಯದು. ಇದನ್ನು ಓದಿದಾಗ ನಾವು ಮೂವರೂ ಪುಸ್ತಕ ಕೆಳಗಿಟ್ಟು ಮುಖ ಮುಖ ನೋಡಿಕೊಂಡೆವು. ನಮ್ಮ ಹೆಸರಿನಲ್ಲಿ ಒಂದು ತೆರಿಗೆ! ಊರಿಗೆ ಹೋಗಿ ಹೇಳಿದಾಗ ಕೇರಿಯ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಎತ್ತಿದ್ದು ಸರಿ ಕಣ್ರಪ್ಪಾ, ಇಳಿಸಿದ್ದೆಲ್ಲಿ?" ಯಾವ ಪ್ರಾಧಿಕಾರ, ಯಾವ ವರ್ಷ, ಎಷ್ಟು ವಸೂಲು, ಯಾವ ಕೇರಿಗೆ ಖರ್ಚು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಪ್ರತಿಯೊಂದು ತಾಲ್ಲೂಕು ಕೇಂದ್ರದಲ್ಲೂ ನಮ್ಮ ಹುಡುಗರು ಕೇಳಬೇಕಾದ ಪ್ರಶ್ನೆ ಇದು.

ಬಿಲ್ಡರುಗಳು ಈ ಶುಲ್ಕಗಳನ್ನು 'ಕೊಡುಗೆ' ಎಂದು ಕರೆದುಕೊಳ್ಳುತ್ತಾರೆ. ಕನ್ನಡದಲ್ಲಿ ಕೊಡುಗೆ ಅಂದರೆ ಕೊಡುವವನ ಗಂಟಿನಿಂದ ಹೋದದ್ದು. ಇಲ್ಲಿ ನೀರಿನ ಮಂಡಳಿಗೆ ಕಟ್ಟುವ ಪ್ರೊ-ರೇಟಾ ಶುಲ್ಕವಿರಲಿ, ಕರವಿರಲಿ, ಫ್ಲಾಟು ಕೊಳ್ಳುವವನ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಬಿಲ್ಡರ್ ನಡುವೆ ನಿಂತ ಅಂಚೆಯವನು. ಇನ್ನು ನಗರದ ಅಂಚಿನಲ್ಲಿ ರೆವಿನ್ಯೂ ಸೈಟು ಕೊಂಡು ಬಿ ಖಾತೆಯಲ್ಲಿ ಬದುಕುವವರ ಕತೆ ಕೇಳಿ. ಅವರಿಂದ 'ಬೆಟರ್‌ಮೆಂಟ್ ಚಾರ್ಜು' ಕೇಳುತ್ತಾರೆ, ಬೆಟರ್ ಆಗಿದ್ದು ಏನು ಅಂತ ಹೇಳುವುದಿಲ್ಲ. ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆಯ ಜನರಿಂದ ಕಾವೇರಿ ನೀರು ಕೊಡುತ್ತೇವೆಂದು ಮುಂಗಡವಾಗಿಯೇ ವಂತಿಗೆ ಎತ್ತಿದರು. ನಲ್ಲಿಯಲ್ಲಿ ನೀರು ಬರಲು ವರ್ಷಗಟ್ಟಲೆ ಕಾಯಬೇಕಾಯಿತು. 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಅಷ್ಟರಲ್ಲಿ ಆ ಹಳ್ಳಿಗಳ ಹೊಲಗಳಲ್ಲಿ ಗೋಪುರಗಳು ಎದ್ದು ನಿಂತು, ಟ್ಯಾಂಕರಿನವರು ಶ್ರೀಮಂತರಾದರು.

ದುಡ್ಡಿನ ಬದಲು ವಸ್ತುವಿನಲ್ಲೇ ಕೊಡುವ ಮೂಲಸೌಕರ್ಯವೂ ಇದೆ. ದೊಡ್ಡ ಅಪಾರ್ಟ್‌ಮೆಂಟು ಕಟ್ಟುವವರು ತಮ್ಮ ಕೊಳಚೆ ನೀರನ್ನು ತಾವೇ ಶುದ್ಧಿ ಮಾಡುವ ಎಸ್‌ಟಿಪಿ ಹಾಕಬೇಕು. ಕೇಳಲು ಚೆಂದ. 2018ರ ಜನವರಿಯಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಎಪ್ಪತ್ತರ ದಶಕದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. 2013ರಲ್ಲಿ ಇಡೀ ದೇಶಕ್ಕೆ ಹೊಸ ಕಾಯ್ದೆ ಬಂತು. ತಲೆಯ ಮೇಲಿದ್ದದ್ದು ಈಗ ನೆಲಮಾಳಿಗೆಗೆ ಇಳಿದಿದೆ. ನಿಯಮಾವಳಿಯಲ್ಲಿ ಗುಂಡಿ ಎಷ್ಟು ಲೀಟರಿನದು, ಯಂತ್ರ ಯಾವುದು ಅಂತೆಲ್ಲ ಇರುತ್ತದೆ. ಅದರೊಳಗೆ ಇಳಿಯುವವನು ಯಾರು ಅನ್ನುವ ಕಾಲಮ್ಮು ಇರುವುದಿಲ್ಲ. ಅದನ್ನು ತುಂಬಿಸುವ ಅಗತ್ಯ ಈ ದೇಶದಲ್ಲಿ ಯಾರಿಗೂ ಬಿದ್ದಿಲ್ಲ.

ಬಡಾವಣೆಗಳ ವಿಷಯವನ್ನೂ ನೋಡಿ. ಬಿಡಿಎ ಕಾಯ್ದೆಯ 16ನೇ ಪ್ರಕರಣದ ಪ್ರಕಾರ ಬಡಾವಣೆಯ ಶೇ. 15ರಷ್ಟು ಜಾಗ ಉದ್ಯಾನ, ಆಟದ ಮೈದಾನಕ್ಕೆ, ಮತ್ತೆ ಶೇ. 10 ನಾಗರಿಕ ಸೌಲಭ್ಯಕ್ಕೆ. ಈ 'ಸಿಎ ಸೈಟು'ಗಳು ಟ್ರಸ್ಟುಗಳಿಗೆ, ಸಂಘಗಳಿಗೆ ಗುತ್ತಿಗೆಗೆ ಹೋಗುತ್ತವೆ. ಅಲ್ಲಿ ಶಾಲೆ ಏಳುತ್ತದೆ, ಬಡಾವಣೆಯನ್ನು ಗುಡಿಸುವ ಪೌರಕಾರ್ಮಿಕಳ ಮಗು ಆ ಶಾಲೆಯ ಫೀಜು ಕೇಳಿ ಗೇಟಿನಿಂದಲೇ ತಿರುಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಶೇ. 10 ಸಾರ್ವಜನಿಕ.

ತಪ್ಪು ಮಾಡಿದರೂ ದುಡ್ಡಿಗೆ ಬಾಗಿಲು ತೆರೆದೇ ಇರುತ್ತದೆ. ಅಕ್ರಮ-ಸಕ್ರಮ ಎಂಬ ಯೋಜನೆಯಲ್ಲಿ ಮನೆಗಳಿಗೆ ಶೇ. 50, ವಾಣಿಜ್ಯ ಕಟ್ಟಡಗಳಿಗೆ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮಾಫಿ ಮಾಡಲು ಹೊರಟರು. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆಮೇಲೆ ಬಂದದ್ದು ಪ್ರೀಮಿಯಂ ಎಫ್‌ಎಆರ್. ದುಡ್ಡು ಕಟ್ಟಿ ಹೆಚ್ಚು ಅಂತಸ್ತು ಕೊಳ್ಳಬಹುದು, ಈ ಸಲ ಮುಂಚಿತವಾಗಿಯೇ, ಕಾನೂನುಬದ್ಧವಾಗಿ. ದುಡ್ಡು ಬರುವುದನ್ನು ನಾವು ಬೇಡ ಅನ್ನುವುದಿಲ್ಲ. ಆದರೆ ಯಾವ ಬೀದಿಯ ಮೇಲೆ ಹೊರೆ ಹೆಚ್ಚುತ್ತದೋ ಆ ಬೀದಿಯ ಚರಂಡಿಗೆ, ಆ ವಾರ್ಡಿನ ಕೇರಿಗೆ ಆ ದುಡ್ಡು ಕಟ್ಟಿಹಾಕದಿದ್ದರೆ ಅದು ಎಲ್ಲಿಗೆ ಹರಿಯುತ್ತದೆಂದು ಹೇಳಲು ಎಂಜಿನಿಯರ್ ಬೇಕಿಲ್ಲ. ಮೇಲ್ಸೇತುವೆಗೆ ಹರಿಯುತ್ತದೆ.

ದುಡ್ಡು ಬೇಡ, ಮನೆಯನ್ನೇ ಕೊಡಿ ಅನ್ನುವ ಮಾತು ನಾವು ಹೊಸದಾಗಿ ಹೇಳುತ್ತಿರುವುದಲ್ಲ. 2005ರ ಡಿಸೆಂಬರಿನಲ್ಲಿ ಶುರುವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಸುಧಾರಣೆಗಳ ಪಟ್ಟಿಯಲ್ಲೇ ಇತ್ತು: ಸರ್ಕಾರಿ, ಖಾಸಗಿ ಎಲ್ಲ ವಸತಿ ಯೋಜನೆಗಳಲ್ಲೂ ಅಭಿವೃದ್ಧಿಪಡಿಸಿದ ಜಮೀನಿನ ಶೇ. 20ರಿಂದ 25 ಬಡವರಿಗೆ. 2007ರ ರಾಷ್ಟ್ರೀಯ ನಗರ ವಸತಿ ನೀತಿ ಜಮೀನಿನ ಶೇ. 10ರಿಂದ 15 ಅಥವಾ ಎಫ್‌ಎಆರ್‌ನ ಶೇ. 20ರಿಂದ 25, ಯಾವುದು ಹೆಚ್ಚೋ ಅದು ಎಂದು ಬರೆಯಿತು. ನಮ್ಮೂರ ಗೋಪುರಗಳಲ್ಲಿ ಆ ಕಾಲುಭಾಗ ಎಲ್ಲಿದೆ ಅಂತ ಬಾಗಿಲು ಬಾಗಿಲು ಹುಡುಕಿ. ನಮ್ಮ ಅವ್ವಂದಿರು ಅಲ್ಲಿಗೆ ದಿನಾ ಹೋಗುತ್ತಾರೆ, ಸರ್ವಿಸ್ ಲಿಫ್ಟಿನಲ್ಲಿ.

ಈಜೀಪುರವನ್ನು ಮರೆತು ಈ ಪುಸ್ತಕದ ಬಗ್ಗೆ ಬರೆಯಲಾಗುವುದಿಲ್ಲ. ಬಡವರಿಗೆಂದು ನಗರಪಾಲಿಕೆ ಕೋರಮಂಗಲದ ಪಕ್ಕ ಕಟ್ಟಿಸಿದ ವಸತಿಗೃಹಗಳು, ಸಾವಿರದೈನೂರರ ಸುಮಾರು ಮನೆ. ಕಳಪೆ ಕೆಲಸ. ಎರಡು ದಶಕ ತುಂಬುವ ಮೊದಲೇ ಕೆಲವು ಬ್ಲಾಕು ಕುಸಿದವು. ಜನ ಅದೇ ನೆಲದಲ್ಲಿ ತಗಡು ಹೊಚ್ಚಿಕೊಂಡು ಇದ್ದರು. ಪಾಲಿಕೆ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು: ಸುಮಾರು ಅರ್ಧ ಜಾಗದಲ್ಲಿ ಮಾಲು, ಉಳಿದದ್ದರಲ್ಲಿ ಬಡವರಿಗೆ ಮನೆ. ಅಂದರೆ ಬಡವರ ನೆಲವೇ ಬಂಡವಾಳ, ಅದರಲ್ಲಿ ಅರ್ಧ ಬಿಟ್ಟುಕೊಟ್ಟರೆ ಉಳಿದರ್ಧದಲ್ಲಿ ಏಳುವ ಮನೆಗೆ 'ಕೊಡುಗೆ' ಅಂತ ಹೆಸರು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರು, ಪೊಲೀಸು ಬಂದರು. ಸಂಸಾರಗಳು ಪಾತ್ರೆ, ಹಾಸಿಗೆ, ಮಕ್ಕಳ ಶಾಲೆ ಚೀಲದ ಸಮೇತ ಪಕ್ಕದ ಫುಟ್‌ಪಾತಿನಲ್ಲಿ ಕೂತವು. ಹತ್ತು ವರ್ಷ ಕಳೆದರೂ ಅವರಿಗೆ ಆ ನೆಲದಲ್ಲಿ ಮನೆ ಎದ್ದಿರಲಿಲ್ಲ. ಅಂದು ಏಳನೇ ತರಗತಿಯಲ್ಲಿ ಓದುತ್ತಿದ್ದ ಮಗು ಈಗ ನಮ್ಮ ವಯಸ್ಸಿನದು.

ಬೆಂಗಳೂರಿನ ರಗಳೆ ನಮಗ್ಯಾಕೆ ಅಂತ ದೂರದ ತಾಲ್ಲೂಕಿನ ಮೇಷ್ಟ್ರು ಕೇಳಬಹುದು. ನಿಮ್ಮ ಊರಿಗೂ ಯೋಜನಾ ಪ್ರಾಧಿಕಾರ ಬಂದಿದೆ ಅಥವಾ ಬರುತ್ತಿದೆ. ಬೈಪಾಸ್ ಪಕ್ಕದ ಹೊಲ ಹಳದಿಗೆ ತಿರುಗುವ ದಿನ ನಿಮ್ಮ ಕೇರಿಯವರಿಗೆ ಮಂಜೂರಾದ ಜಮೀನಿನ ಮೇಲೆ ಯಾರದೋ ಕಣ್ಣು ಬೀಳುತ್ತದೆ. ಮಂಜೂರಾತಿ ಜಮೀನು ಕೈ ತಪ್ಪದಿರಲಿ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಇಷ್ಟು ತಡವಾಗಿ ಬಂದಿರೇಕೆ ಅಂತ ಕೋರ್ಟುಗಳು ಅರ್ಜಿ ತಳ್ಳತೊಡಗಿದ ಮೇಲೆ, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ಮಾಡಬೇಕಾಯಿತು. ಬಣ್ಣ ಬದಲಾಗುವುದು ಮೊದಲು ಗೊತ್ತಾಗುವುದು ದಲ್ಲಾಳಿಗೆ, ಕೊನೆಗೆ ಗೊತ್ತಾಗುವುದು ಉಳುವವನಿಗೆ. ನಡುವಿನ ಆ ತಿಂಗಳುಗಳಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆ ತಿಂಗಳುಗಳಲ್ಲಿ ಊರಿನಲ್ಲಿ ನಕ್ಷೆ ಓದಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಬಹಳ.

ಕರಡು ಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರ ಆಕ್ಷೇಪಣೆಗೆ ಕಾಯ್ದೆ ಅರವತ್ತು ದಿನ ಕೊಡುತ್ತದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಕೆಳಗೆ ಐದು ಪಾಲಿಕೆ. ಬೋರ್ಡು ಬದಲಾಗಿದೆ, ಹೊಸ ನಕ್ಷೆ ಇಂದಲ್ಲ ನಾಳೆ ಬರಲೇಬೇಕು. ಅದಕ್ಕಾಗಿ ನಮ್ಮ ಕೇರಿಯಲ್ಲಿ ಭಾನುವಾರ ಸಂಜೆ ಕೂತು ಒಂದು ನಕ್ಷೆ ನಾವೇ ಬರೆಯುತ್ತಿದ್ದೇವೆ. ಮನೆ ನಂಬರು, ತಲೆ ಲೆಕ್ಕ, ನಲ್ಲಿ ಎಷ್ಟು, ಕಕ್ಕಸು ಎಷ್ಟು, ಮಳೆ ಬಂದರೆ ನೀರು ಎಲ್ಲಿಯವರೆಗೆ. ಹತ್ತನೇ ತರಗತಿಯ ಹುಡುಗಿಯರು ಅಳೆಯುತ್ತಾರೆ. ಮೊದಲ ವಾರ ಟೇಪು ಇರಲಿಲ್ಲ, ಸೀರೆ ಮಡಿಸಿ ಗಂಟು ಹಾಕಿ ಅಳೆದರು. ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆದಿದ್ದೇವೆ. ಹಸಿರು ಬಣ್ಣದ ವಿಚಾರ ಬಂದಾಗ ಏನಂತ ಬರೆಯೋಣ ಅಂತ ಅವ್ವನನ್ನು ಕೇಳಿದೆವು. "ಮರ ಬ್ಯಾಡ ಅಂತ ಬರೀಬ್ಯಾಡ್ರಪ್ಪಾ. ನಾವೂ ಇರ್ತೀವಿ, ಮರಾನೂ ಇರ್ಲಿ ಅಂತ ಬರೀರಿ" ಅಂದಳು. ಹಾಗೇ ಬರೆದಿದ್ದೇವೆ. ಇನ್ನೂರು ಸಹಿ ಆಗಿವೆ, ಅದರಲ್ಲಿ ಎಪ್ಪತ್ತು ಹೆಬ್ಬೆಟ್ಟು. ನಿಮ್ಮ ಊರಿನದು ಬರೆಯುವುದಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ನಮ್ಮದರ ಪ್ರತಿ ಕಳಿಸುತ್ತೇವೆ.